ಧ್ವನಿಸುರುಳಿಯಿಂದ ಸ್ಟ್ರೀಮಿಂಗ್‌ಗೆ: ಭಾವಗೀತೆಯ ಆಲಿಕೆ ಮತ್ತು ಆದಾಯ

ಮೈಸೂರು ಅನಂತಸ್ವಾಮಿ ರಾಗ ಸಂಯೋಜಿಸಿದ, ನಿಸಾರ್ ಅಹಮದರ ‘ನಿತ್ಯೋತ್ಸವ’ (1978) ಕನ್ನಡದ ಮೊದಲ ಭಾವಗೀತೆಗಳ ಧ್ವನಿಸುರುಳಿ. ಸುರುಳಿಯಲ್ಲಿ ಕವಿತೆಗಳು ಗುಚ್ಛವಾಗಿ, ನಿಶ್ಚಿತ ಕ್ರಮದಲ್ಲಿ ಕೇಳುಗರನ್ನು ತಲುಪುತ್ತಿದ್ದವು. ಕೊಂಡವರ ಹಣ ಆ ಸುರುಳಿಗೇ ಸಲ್ಲುತ್ತಿತ್ತು.

2019ರಲ್ಲಿ ಭಾರತಕ್ಕೆ ಬಂದ ಸ್ಪಾಟಿಫೈಯಲ್ಲಿ ಗೀತೆಯೊಂದನ್ನು 30 ಸೆಕೆಂಡು ಕೇಳಿದರೆ ಒಂದು ಆಲಿಕೆಯೆಂದು ಎಣಿಕೆ. ಒಟ್ಟು ವರಮಾನವು ಆಲಿಕೆಗಳ ಪ್ರಮಾಣಕ್ಕನುಗುಣವಾಗಿ ಹಂಚಿಕೆಯಾಗುವುದರಿಂದ ಭಾವಗೀತೆಯನ್ನಷ್ಟೇ ಕೇಳುವವರ ಚಂದಾಹಣವೂ ಬಹುಪಾಲು ಹೆಚ್ಚು ಜನಪ್ರಿಯವಾದ ಗೀತೆಗಳತ್ತ ಹರಿಯುತ್ತದೆ. 2024ರಿಂದ, ಹಿಂದಿನ ಹನ್ನೆರಡು ತಿಂಗಳಲ್ಲಿ 1000 ಆಲಿಕೆ ತಲುಪದ ಧ್ವನಿಮುದ್ರಣಕ್ಕೆ ಅಲ್ಲಿ ರಾಯಲ್ಟಿಯೇ ಇಲ್ಲ.

2012ರ ಕೃತಿಸ್ವಾಮ್ಯ ತಿದ್ದುಪಡಿ ಗೀತರಚನಕಾರರಿಗೂ ಸಂಯೋಜಕರಿಗೂ ಬಿಟ್ಟುಕೊಡಲಾಗದ ರಾಯಲ್ಟಿ ಪಾಲನ್ನು ನೀಡಿದೆ. ಆದರೆ ಕಾನೂನು ಪಾಲಿನ ಹಕ್ಕನ್ನಷ್ಟೇ ಕಾಯಬಲ್ಲುದು. ಪಾಲಿನ ಗಾತ್ರವನ್ನು ಎಣಿಕೆಯ ಕ್ರಮ ನಿರ್ಧರಿಸುತ್ತದೆ. ಆದ್ದರಿಂದ ಭಾವಗೀತೆಯ ಅಧ್ಯಯನವು ಈ ಎಣಿಕೆಯನ್ನೂ ಒಳಗೊಳ್ಳಬೇಕಾಗಿದೆ.