ನಿಮ್ಮ ಓದಿಗೆ ಇಲ್ಲೂ ಬೆಲೆ ಇದೆ, ಅರ್ಜಿ ಹಾಕಿ
ಬಳ್ಳಾರಿ ಸೀಮೆಯಿಂದ ಜರ್ಮನಿಗೆ ಹೊಸದಾಗಿ ಬಂದ ಕುಟುಂಬಗಳಿಗೆ

ತೆಕ್ಕಲಕೋಟೆ, ಸಿರುಗುಪ್ಪ, ಕುರುಗೋಡು ಕಡೆಯಿಂದ ಇಲ್ಲಿಗೆ ಬರುವ ಮನೆಗಳಲ್ಲಿ ಒಬ್ಬರು ಸಾಫ್ಟ್‌ವೇರ್ ಕೆಲಸಕ್ಕೆಂದು ಬಂದು ಕೂಡಲೇ ಆಫೀಸಿಗೆ ಹೊರಡುತ್ತಾರೆ. ಊರಲ್ಲಿ ನರ್ಸ್, ಡಾಕ್ಟರ್, ಫಾರ್ಮಸಿಸ್ಟ್, ಟೀಚರ್ ಆಗಿದ್ದ ಹೆಂಡತಿಯೋ ಗಂಡನೋ ಮನೆಯಲ್ಲೇ ಉಳಿದುಬಿಡುತ್ತಾರೆ. 'ನಮ್ಮ ಡಿಗ್ರಿ ಇಲ್ಲಿ ನಡೆಯಲ್ಲ' ಎಂದು ಯಾರೋ ಹೇಳಿದ ಮಾತು ನಂಬಿ ಅರ್ಜಿಯನ್ನೇ ಹಾಕುವುದಿಲ್ಲ. ಹಾಗೆ ಕೂರಬೇಡಿ. ನಿಮ್ಮ ಓದನ್ನು ಪರಿಶೀಲಿಸಿ ಬರಹದಲ್ಲಿ ಉತ್ತರ ಕೊಡಿ ಎಂದು ಕೇಳುವ ಹಕ್ಕು ನಿಮಗಿದೆ.

ಕಾನೂನು ಏನು ಹೇಳುತ್ತದೆ?

ಯುರೋಪಿಯನ್ ಒಕ್ಕೂಟದ 2005/36 ನಿರ್ದೇಶನದಲ್ಲಿ ಡಾಕ್ಟರ್, ನರ್ಸ್, ದಂತವೈದ್ಯ, ಪಶುವೈದ್ಯ, ಮಿಡ್‌ವೈಫ್, ಫಾರ್ಮಸಿಸ್ಟ್, ಆರ್ಕಿಟೆಕ್ಟ್ ಈ 7 ವೃತ್ತಿಗಳಿಗೆ ದೇಶದಿಂದ ದೇಶಕ್ಕೆ ನೇರ ಮಾನ್ಯತೆ ಇದೆ. ಅದು ಒಕ್ಕೂಟದೊಳಗೆ ಓದಿದವರಿಗೆ. ಭಾರತದ ಪದವಿಯನ್ನು ಮೊದಲು ಒಂದು ಸದಸ್ಯ ದೇಶ ಒಪ್ಪಬೇಕು. ಅಲ್ಲಿ 3 ವರ್ಷ ದುಡಿದ ಮೇಲೆ ಬೇರೆ ದೇಶದಲ್ಲೂ ಅದನ್ನು ಮುಂದಿಡಬಹುದು. ಈ ನಿರ್ದೇಶನ ಮೂಲತಃ ಒಕ್ಕೂಟದ ಪೌರರಿಗೆ. ಬ್ಲೂ ಕಾರ್ಡ್ ಇರುವವರಿಗೂ ದೀರ್ಘಾವಧಿ ನಿವಾಸಿಗಳಿಗೂ ಬೇರೆ ನಿರ್ದೇಶನಗಳು ಮಾನ್ಯತೆಯ ವಿಷಯದಲ್ಲಿ ಸಮಾನ ಹಕ್ಕು ಕೊಟ್ಟಿವೆ.

ಜರ್ಮನಿಯ ಮಾನ್ಯತಾ ಕಾಯ್ದೆ 2012ರ ಏಪ್ರಿಲ್ 1ರಂದು ಜಾರಿಗೆ ಬಂತು. ಅದು ಪಾಸ್‌ಪೋರ್ಟ್ ಯಾವ ದೇಶದ್ದೆಂದು ನೋಡುವುದಿಲ್ಲ. ಕಾಗದಪತ್ರಗಳೆಲ್ಲ ತಲುಪಿದ ದಿನದಿಂದ ಸಾಮಾನ್ಯವಾಗಿ 3-4 ತಿಂಗಳೊಳಗೆ ತೀರ್ಮಾನ ಬರಬೇಕು. ಓದಿನಲ್ಲಿ ಕೊರತೆ ಕಂಡರೆ ಅದು ಯಾವ ವಿಷಯದಲ್ಲಿ ಎಂದು ಬರೆದು ತಿಳಿಸಬೇಕು. ನೀವು ಒಪ್ಪದಿದ್ದರೆ ಆ ತೀರ್ಮಾನವನ್ನು ಪ್ರಶ್ನಿಸಬಹುದು.

ನಿಮ್ಮ ವೃತ್ತಿ ಯಾವ ಗುಂಪಿಗೆ ಸೇರುತ್ತದೆ?

ಸಾಫ್ಟ್‌ವೇರ್‌ನಂಥ ಕೆಲಸಕ್ಕೆ ಪರವಾನಗಿ ಬೇಕಿಲ್ಲ. ನಿಮ್ಮ ವಿಶ್ವವಿದ್ಯಾಲಯ ಮತ್ತು ಪದವಿ ವಿದೇಶಿ ಪದವಿಗಳ 'ಅನಾಬಿನ್' ದತ್ತಾಂಶಕೋಶದಲ್ಲಿ ಇವೆಯೇ ನೋಡಿ; ಇಲ್ಲದಿದ್ದರೆ ಬಾನ್ ನಗರದ ಝಡ್‌ಎಬಿ ಕಚೇರಿಯಿಂದ ಮೌಲ್ಯಮಾಪನ ಪತ್ರ ಪಡೆಯಿರಿ. 'ಇಂಜಿನಿಯರ್' ಎಂಬ ಬಿರುದು ಹಾಕಿಕೊಳ್ಳಲು ಮಾತ್ರ ಆಯಾ ರಾಜ್ಯದ ಅನುಮತಿ ಬೇಕು.

ನರ್ಸ್ ಆಗಿ ದುಡಿಯಲು ಮಾನ್ಯತೆ ಕಡ್ಡಾಯ, ಸಾಮಾನ್ಯವಾಗಿ ಬಿ2 ಮಟ್ಟದ ಜರ್ಮನ್ ಬೇಕು. ಜಿಎನ್‌ಎಂ ಅಥವಾ ಬಿಎಸ್ಸಿ ನರ್ಸಿಂಗ್‌ನಲ್ಲಿ ಕೊರತೆ ತೋರಿಸಿದರೆ ಅಂಜಬೇಡಿ. ಹೊಂದಾಣಿಕೆ ತರಬೇತಿಯಿಂದಲೋ ಪರೀಕ್ಷೆಯಿಂದಲೋ ಅದನ್ನು ತುಂಬಬಹುದು. ಡಾಕ್ಟರುಗಳು ವೈದ್ಯಕೀಯ ಜರ್ಮನ್ ಪರೀಕ್ಷೆ ಮುಗಿಸಬೇಕು. ಓದು ಸರಿಸಮಾನವೆಂದು ತೀರ್ಮಾನವಾಗದಿದ್ದರೆ ಜ್ಞಾನ ಪರೀಕ್ಷೆಯನ್ನೂ ಬರೆಯಬೇಕು. ಪೂರ್ಣ ಪರವಾನಗಿ ಬರುವ ತನಕ ತಾತ್ಕಾಲಿಕ ಅನುಮತಿ ಕೇಳಲು ಅವಕಾಶವಿದೆ. ಶಾಲಾ ಶಿಕ್ಷಕರ ವಿಷಯ ಒಂದೊಂದು ರಾಜ್ಯದಲ್ಲಿ ಒಂದೊಂದು ರೀತಿ. ಎರಡು ವಿಷಯ ಕಲಿಸುವ ಅರ್ಹತೆಯನ್ನು ಹಲವೆಡೆ ಕೇಳುತ್ತಾರೆ.

ಊರಿನಿಂದ ತರಿಸಬೇಕಾದ್ದು

ಅರ್ಜಿಗಳು ನಿಂತುಹೋಗುವುದು ಹೆಚ್ಚಾಗಿ ಕಾಗದದ ತೊಡಕಿನಲ್ಲಿ. ಎಸ್ಸೆಸ್ಸೆಲ್ಸಿಯಿಂದ ಹಿಡಿದು ಎಲ್ಲ ಅಂಕಪಟ್ಟಿ, ಘಟಿಕೋತ್ಸವ ಪ್ರಮಾಣಪತ್ರ, ಕಾಲೇಜಿನ ಮೊಹರಿರುವ ಪಠ್ಯಕ್ರಮ, ಪ್ರತಿ ವಿಷಯಕ್ಕೆ ಎಷ್ಟು ಗಂಟೆ ತರಗತಿ, ಎಷ್ಟು ಗಂಟೆ ವಾರ್ಡ್ ಕೆಲಸ ಎಂಬ ವಿವರ, ಅನುಭವ ಪತ್ರ, ಕೌನ್ಸಿಲ್ ನೋಂದಣಿ ಇವೆಲ್ಲ ಬೇಕು. ಕೌನ್ಸಿಲ್ ಕೊಡುವ ಸನ್ನಡತೆ ಪತ್ರ ಹಳೆಯದಾದರೆ ಒಪ್ಪುವುದಿಲ್ಲ. ಅದನ್ನು ಕೊನೆಗೆ ತರಿಸಿ.

ಬಳ್ಳಾರಿಯವರು ಹೆಸರುಗಳ ಬಗ್ಗೆ ವಿಶೇಷ ಎಚ್ಚರ ವಹಿಸಬೇಕು. 2014ರ ನವೆಂಬರ್ 1ಕ್ಕೆ ಮೊದಲಿನ ಇಂಗ್ಲಿಷ್ ಕಾಗದಗಳಲ್ಲಿ ಊರು 'ಬೆಲ್ಲಾರಿ', ಆಮೇಲಿನವುಗಳಲ್ಲಿ 'ಬಳ್ಳಾರಿ'. ವಿಮ್ಸ್ ಈಗ ಬಳ್ಳಾರಿ ವೈದ್ಯಕೀಯ ಕಾಲೇಜು ಮತ್ತು ಸಂಶೋಧನಾ ಕೇಂದ್ರ. ಬಳ್ಳಾರಿಯ ಕಾಲೇಜುಗಳ ಹಳೆಯ ಪದವಿಗಳು ಗುಲ್ಬರ್ಗ ವಿಶ್ವವಿದ್ಯಾಲಯದವು. ವೈದ್ಯಕೀಯಕ್ಕೆ 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ, ಇಂಜಿನಿಯರಿಂಗ್‌ಗೆ 1998ರಲ್ಲಿ ವಿಟಿಯು, ಉಳಿದ ಪದವಿಗಳಿಗೆ 2010ರಲ್ಲಿ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಬಂದವು. ಇಲ್ಲಿನ ಅಧಿಕಾರಿಗೆ ಇದು ತಿಳಿದಿರುವುದಿಲ್ಲ. ಅರ್ಜಿಯ ಜೊತೆ ಅರ್ಧ ಪುಟದ ವಿವರಣೆ ಇಡಿ. ಅಂಕಪಟ್ಟಿಯಲ್ಲಿ 'ಟಿ' ಎಂಬ ಇನಿಶಿಯಲ್ ಇದ್ದು ಪಾಸ್‌ಪೋರ್ಟಿನಲ್ಲಿ 'ತೆಕ್ಕಲಕೋಟೆ' ಎಂದು ಪೂರ್ತಿ ಇದ್ದರೆ, ಅಥವಾ ಮದುವೆಯ ನಂತರ ಹೆಸರು ಬದಲಾಗಿದ್ದರೆ, ಎರಡೂ ಹೆಸರು ಒಬ್ಬರದೇ ಎಂಬ ಅಫಿಡವಿಟ್ ಮತ್ತು ವಿವಾಹ ನೋಂದಣಿ ಪತ್ರ ಸೇರಿಸಿ.

ಅಣ್ಣನೋ ಮಾವನೋ ನಿಮ್ಮ ಪರವಾಗಿ ಕಾಲೇಜಿಗೆ ಹೋಗುವುದಾದರೆ ಸಹಿ ಮಾಡಿದ ಅಧಿಕಾರ ಪತ್ರ ಕಳಿಸಿ. ಮೂಲ ಪ್ರತಿಗಳನ್ನು ಅಂಚೆಗೆ ಹಾಕಬೇಡಿ. ದೃಢೀಕರಣ ಯಾವ ಬಗೆಯದು, ಯಾವ ಪುಟಗಳ ಅನುವಾದ ಬೇಕು ಎಂಬುದನ್ನು ಅರ್ಜಿ ತೆಗೆದುಕೊಳ್ಳುವ ಕಚೇರಿಯಲ್ಲಿ ಕೇಳಿಕೊಂಡ ಮೇಲೆಯೇ ದುಡ್ಡು ಖರ್ಚು ಮಾಡಿ. ಅನುವಾದ ಮಾಡುವವರು ಪ್ರಮಾಣವಚನ ಪಡೆದ ಅನುವಾದಕರೇ ಆಗಿರಬೇಕು. ಐಕ್ಯೂ ನೆಟ್‌ವರ್ಕ್‌ನ ಸಲಹಾ ಕೇಂದ್ರಗಳಲ್ಲಿ ಮಾರ್ಗದರ್ಶನ ಉಚಿತ. ದಲ್ಲಾಳಿಗೆ ಹಣ ಕೊಡುವ ಮೊದಲು ಅಲ್ಲಿಗೆ ಹೋಗಿ.

ಭಾಷೆ ಪೂರ್ತಿ ಬಂದ ಮೇಲೆ ನೋಡೋಣ ಎಂದು ಕಾಯಬೇಡಿ. ಜರ್ಮನ್ ತರಗತಿ ಮತ್ತು ಕಾಗದ ಕೂಡಿಸುವ ಕೆಲಸ ಒಟ್ಟಿಗೇ ಸಾಗಲಿ. ಈ ವಾರವೇ ಊರಿಗೆ ಫೋನ್ ಮಾಡಿ ಅಂಕಪಟ್ಟಿಗಳನ್ನು ಹುಡುಕಿಸಿ. ಅರ್ಜಿ ತುಂಬುವಾಗ ಸಂದೇಹ ಬಂದರೆ ನಿಮ್ಮ ಊರಿನ ಕನ್ನಡ ಕೂಟದಲ್ಲಿ ಈ ದಾರಿ ದಾಟಿ ಬಂದವರನ್ನು ಕೇಳಿ, ಸಂಕೋಚ ಬೇಡ.