ತಪ್ಪಿನ ಅಳುಕು ಮತ್ತು ಹನ್ನೊಂದು ಮಿಲಿಗ್ರಾಂ

ಕಾಲೇಜಿನ ರಸಾಯನಶಾಸ್ತ್ರದ ಪ್ರಯೋಗಶಾಲೆಯಲ್ಲಿ ಬ್ಯೂರೆಟ್ಟಿನ ಮುಂದೆ ನಿಂತ ವಿದ್ಯಾರ್ಥಿಯೊಬ್ಬನನ್ನು ಗಮನಿಸೋಣ. ಮೊದಲ ಸಲ ಅವನಿಗೆ ದೊರೆತ ಅಳತೆ 9.8 ಘನ ಸೆಂಟಿಮೀಟರು. ಎರಡನೆಯ ಸಲ 10.3, ಮೂರನೆಯ ಸಲ 9.9. ಆದರೆ ಸಂಜೆ ಅವನ ರೆಕಾರ್ಡು ಪುಸ್ತಕವನ್ನು ತೆರೆದರೆ 9.8, 9.8, 9.8 ಎಂದು ಮುದ್ದಾದ ಅಂಕಿಗಳಲ್ಲಿ ಬರೆದಿರುತ್ತದೆ. ಇವನನ್ನು ಸುಳ್ಳುಗಾರನೆನ್ನಲು ನಮಗೆ ಮನಸ್ಸಿಲ್ಲ. ನಾವೂ ಒಂದು ಕಾಲದಲ್ಲಿ ಹೀಗೆಯೇ ಬರೆದವರು. ಅಧ್ಯಾಪಕರು ಗದರಿಸಿಯಾರು, ಪಕ್ಕದವರು ನಕ್ಕಾರು ಎಂಬ ಅಳುಕೇ ಆ ಲೇಖನಿಯನ್ನು ನಡೆಸಿತು. ನಾಳೆ ಇವನು ಕಾರ್ಖಾನೆಗೋ ಆಸ್ಪತ್ರೆಗೋ ಉದ್ಯೋಗಿಯಾಗಿ ಹೋದಾಗ ಈ ಅಳುಕೂ ಅವನ ಬೆನ್ನಹಿಂದೆಯೇ ಹೋಗುತ್ತದೆ. ಅದನ್ನು ಕಳೆದುಕೊಳ್ಳುವ ಬಗೆ ಹೇಗೆ?

ಇದಕ್ಕೆ ಉತ್ತರವನ್ನು ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರ್‍ಯಾಲೆಯ ತಕ್ಕಡಿಯಲ್ಲಿ ಹುಡುಕಬಹುದು. ಅನಿಲಗಳ ಸಾಂದ್ರತೆಯನ್ನು ಅತ್ಯಂತ ನಿಖರವಾಗಿ ಅಳೆಯುವುದು ಆತ ಕೈಗೊಂಡ ಕೆಲಸ. ಸಾರಜನಕವನ್ನು ಆತ ಎರಡು ಬಗೆಯಲ್ಲಿ ಪಡೆದ. ಗಾಳಿಯಿಂದ ಆಮ್ಲಜನಕವನ್ನು ತೆಗೆದು ಉಳಿಸಿಕೊಂಡದ್ದು ಒಂದು. ಸ್ವಲ್ಪ ಭಾಗ ಅಮೋನಿಯಾದಿಂದ ಬಂದದ್ದು ಇನ್ನೊಂದು. ಎರಡರ ತೂಕವೂ ಒಂದೇ ಆಗಬೇಕಿತ್ತು, ಆಗಲಿಲ್ಲ. ಸಾವಿರದಲ್ಲಿ ಒಂದು ಪಾಲಿನಷ್ಟು ಅಂತರ ಉಳಿಯಿತು.

ಇಷ್ಟು ಸಣ್ಣ ಅಂತರವನ್ನು ಸರಾಸರಿಯಲ್ಲಿ ಮುಳುಗಿಸಿಬಿಟ್ಟಿದ್ದರೆ ಕೇಳುವವರು ಯಾರೂ ಇರಲಿಲ್ಲ. ರ್‍ಯಾಲೆ ಹಾಗೆ ಮಾಡಲಿಲ್ಲ. 1892ರಲ್ಲಿ 'ನೇಚರ್' ಪತ್ರಿಕೆಗೆ ಒಂದು ಪತ್ರ ಬರೆದು, ತನಗೆ ಹೀಗೊಂದು ತೊಡಕು ಎದುರಾಗಿದೆ, ಕಾರಣ ತಿಳಿದವರು ಸೂಚಿಸಬೇಕು ಎಂದು ಕೇಳಿಕೊಂಡ. ಕೇಂಬ್ರಿಜ್ಜಿನಲ್ಲಿ ಪ್ರಾಧ್ಯಾಪಕನಾಗಿದ್ದು ಹೆಸರು ಗಳಿಸಿದ್ದ ವಿದ್ವಾಂಸ ತನ್ನ ಲೆಕ್ಕ ಕೂಡುತ್ತಿಲ್ಲವೆಂದು ಬಹಿರಂಗವಾಗಿ ಹೇಳಿಕೊಳ್ಳುವುದು ಸುಲಭದ ಮಾತಲ್ಲ.

ಆ ಬಳಿಕ ಆತ ಮಾಡಿದ ಕೆಲಸ ಇನ್ನೂ ವಿಚಿತ್ರವಾದುದು. ನಾವಾದರೆ ದೋಷವನ್ನು ಕುಗ್ಗಿಸಲು ಹೆಣಗುತ್ತೇವೆ. ಆತ ಅದನ್ನು ಹಿಗ್ಗಿಸಲು ಯತ್ನಿಸಿದ. ಎರಡನೆಯ ಬಗೆಯಲ್ಲಿ ಗಾಳಿಯ ಬದಲು ಶುದ್ಧ ಆಮ್ಲಜನಕವನ್ನು ಬಳಸಿ, ಸಾರಜನಕವೆಲ್ಲವೂ ಅಮೋನಿಯಾದಿಂದಲೇ ಬರುವಂತೆ ಮಾಡಿದ. ಅಂತರ ಇನ್ನೂರರಲ್ಲಿ ಒಂದು ಪಾಲಿಗೆ ಏರಿತು. ಆತನ ಗಾಜಿನ ಬುರುಡೆಯಲ್ಲಿ ಗಾಳಿಯ ಸಾರಜನಕ ಸುಮಾರು 2.310 ಗ್ರಾಂ ತೂಗಿದರೆ, ರಾಸಾಯನಿಕವಾಗಿ ಪಡೆದದ್ದು ಸುಮಾರು 2.299 ಗ್ರಾಂ ತೂಗಿತು. ಹನ್ನೊಂದು ಮಿಲಿಗ್ರಾಮಿನ ಈ ವ್ಯತ್ಯಾಸ ಕೈತಪ್ಪಿನಿಂದ ಬಂದದ್ದಲ್ಲವೆಂಬುದು ಸ್ಪಷ್ಟವಾಯಿತು. ಹಗುರವಾದ ಜಲಜನಕವೇನಾದರೂ ಬೆರೆತಿದೆಯೋ ಎಂದು ಸಹ ಆತ ಪರೀಕ್ಷಿಸಿ ನೋಡಿದ್ದ.

ಸ್ಕಾಟ್ಲೆಂಡಿನ ರಸಾಯನವಿಜ್ಞಾನಿ ವಿಲಿಯಂ ರ್‍ಯಾಮ್ಸೆ ಈ ಅನ್ವೇಷಣೆಯಲ್ಲಿ ಜೊತೆಗೂಡಿದ. ಗಾಳಿಯ ಸಾರಜನಕವನ್ನು ಕಾದ ಮೆಗ್ನೀಸಿಯಮ್ಮಿನ ಮೇಲೆ ಮತ್ತೆ ಮತ್ತೆ ಹಾಯಿಸಿದಾಗ, ಯಾವುದರೊಡನೆಯೂ ಕೂಡದ ಒಂದು ಅನಿಲ ಉಳಿಯಿತು. 1894ರಲ್ಲಿ ಇಬ್ಬರೂ ಈ ಹೊಸ ಧಾತುವನ್ನು ಪ್ರಕಟಪಡಿಸಿದರು. ಅದೇ ಆರ್ಗಾನ್, ಗ್ರೀಕ್ ಭಾಷೆಯಲ್ಲಿ ಸೋಮಾರಿ ಎಂದರ್ಥ. 1904ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕ ದೊರೆಯಿತು.

ವಾಚಕರು ಕಾಗದ ತೆಗೆದುಕೊಂಡು ಈ ಲೆಕ್ಕವನ್ನು ತಾವೇ ತಾಳೆ ನೋಡಬಹುದು. ಆಮ್ಲಜನಕವನ್ನು ತೆಗೆದ ಒಣಗಾಳಿಯಲ್ಲಿ ಸುಮಾರು 1.2 ಶತಾಂಶ ಆರ್ಗಾನ್ ಇದೆ. ಸಾರಜನಕದ ಅಣುತೂಕ 28, ಆರ್ಗಾನಿನದು 40. ಹೆಚ್ಚುವರಿ 12ನ್ನು 28ರಿಂದ ಭಾಗಿಸಿ 1.2ರಿಂದ ಗುಣಿಸಿದರೆ ಸುಮಾರು ಅರ್ಧ ಶತಾಂಶ, ಅಂದರೆ ಇನ್ನೂರರಲ್ಲಿ ಒಂದು! ಹೆನ್ರಿ ಕ್ಯಾವೆಂಡಿಶ್ 1785ರಲ್ಲಿಯೇ ವಿದ್ಯುತ್ ಕಿಡಿಗಳನ್ನು ಹಾಯಿಸಿ, ಕರಗದೆ ಉಳಿದ ಒಂದು ಸಣ್ಣ ಗುಳ್ಳೆಯನ್ನು ಕಂಡಿದ್ದ. ಅದೇನೆಂದು ಆತನಿಗೆ ತಿಳಿಯಲಿಲ್ಲ, ಆದರೂ ಬರೆದಿಟ್ಟ. ಆ ಬರವಣಿಗೆ ನೂರು ವರ್ಷಗಳ ಮೇಲೆ ಇವರಿಬ್ಬರ ಉಪಯೋಗಕ್ಕೆ ಬಂದಿತು.

ಎಲ್ಲ ತಪ್ಪುಗಳ ಹಿಂದೆಯೂ ಹೊಸ ಧಾತು ಅಡಗಿರುತ್ತದೆಂದು ನಾವು ಹೇಳುತ್ತಿಲ್ಲ. ಬಹುಪಾಲು ತಪ್ಪುಗಳು ಬರಿಯ ತಪ್ಪುಗಳೇ. ಕೆಲವಂತೂ ಪ್ರಾಣಾಪಾಯ ತರುವಂಥವು. ಹಾಗಿದ್ದರೆ ಅಂಥ ಕಡೆ ಭಯವೇ ಒಳ್ಳೆಯದಲ್ಲವೆ? ಅಮೆರಿಕದ ಸಂಶೋಧಕಿ ಏಮಿ ಎಡ್ಮಂಡ್‌ಸನ್ ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಅಭ್ಯಸಿಸಿ 1996ರಲ್ಲಿ ಪ್ರಕಟಿಸಿದರು. ಚೆನ್ನಾಗಿ ಹೊಂದಿಕೊಂಡು ದುಡಿಯುವ ದಾದಿಯರ ತಂಡಗಳಲ್ಲಿ ತಪ್ಪು ಕಡಿಮೆ ಇರಬೇಕೆಂಬುದು ಅವರ ನಿರೀಕ್ಷೆ. ದಾಖಲೆಯಲ್ಲಿ ಕಂಡುಬಂದದ್ದು ತದ್ವಿರುದ್ಧ: ಅಂಥ ತಂಡಗಳಲ್ಲಿಯೇ ಹೆಚ್ಚು! ವಿಚಾರಿಸಿದಾಗ, ಅಲ್ಲಿನವರು ತಪ್ಪನ್ನು ಬಾಯಿಬಿಟ್ಟು ಹೇಳಲು ಹೆದರುತ್ತಿರಲಿಲ್ಲ ಎಂಬ ವಿವರಣೆ ದೊರೆಯಿತು. ಹೆದರುವ ಕಡೆ ತಪ್ಪು ಇಲ್ಲವಾಗುವುದಿಲ್ಲ, ಕಾಣದಾಗುತ್ತದೆ. ವಿಮಾನ ಹಾರಾಟದಲ್ಲಿಯೂ ಅಮೆರಿಕದವರು ಇದನ್ನು ಮನಗಂಡು, ನಡೆದ ಪ್ರಮಾದವನ್ನು ಚಾಲಕರು ತಾವಾಗಿಯೇ ತಿಳಿಸಲು, ತಿಳಿಸಿದವರ ಹೆಸರು ಗುಟ್ಟಾಗಿರಲು 1976ರಲ್ಲಿ ಒಂದು ವ್ಯವಸ್ಥೆ ಮಾಡಿದರು. ನಮ್ಮ ಅಧ್ಯಾಪಕರೂ ಮೇಲಧಿಕಾರಿಗಳೂ ಇದನ್ನು ಗಮನಿಸಬೇಕು. ಅಳುಕನ್ನು ಕಳೆಯುವ ಹೊಣೆ ಅಳುಕುವವನೊಬ್ಬನದೇ ಅಲ್ಲ.

ಇನ್ನು ನಮ್ಮ ವಿದ್ಯಾರ್ಥಿ. ಅವನು ಅಳತೆಯನ್ನು ಕಂಡ ಕೂಡಲೇ ಶಾಯಿಯಲ್ಲಿ ಬರೆಯಲಿ. ಬದಲಿಸಬೇಕಾದರೆ ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಕಾರಣ ನಮೂದಿಸಲಿ. 10.3ನ್ನು ಅಳಿಸದೆ ಉಳಿಸಿಕೊಂಡರೆ "ಈ ಸಲ ಮಾತ್ರ ಅರ್ಧ ಹೆಚ್ಚೇಕೆ?" ಎಂದು ಅವನು ಕೇಳಿಯಾನು. ಬ್ಯೂರೆಟ್ಟನ್ನು ಮತ್ತೆ ತುಂಬಿ, ಬಗ್ಗಿ ತಿರುಪಿನ ಕೆಳಗಿನ ಮೂತಿಯನ್ನು ನೋಡಿದರೆ, ಅಲ್ಲಿ ಗಾಳಿಯ ಗುಳ್ಳೆಯೊಂದು ಸಿಕ್ಕಿಕೊಂಡಿರುವುದು ಕಂಡೀತು. ಎರಡನೆಯ ಸಲ ದ್ರವ ಇಳಿಯುವಾಗ ಅಂಥದೇ ಗುಳ್ಳೆ ಹೊರಬಿದ್ದು, ಅದರ ಜಾಗವನ್ನು ತುಂಬಿದ ದ್ರವವೂ ಲೆಕ್ಕಕ್ಕೆ ಸೇರಿಹೋಗಿತ್ತು.