ದಾರಿಯಿಲ್ಲದ ಇಪ್ಪತ್ತು ಗುಂಟೆ

ಜಮೀನನ್ನು ಕ್ರಯಕ್ಕೆ ಪಡೆದವನಿಗೆ ಅದನ್ನು ಸ್ವಾಧೀನದಲ್ಲಿಟ್ಟುಕೊಳ್ಳುವ, ಉಳುವ, ಅನ್ಯರನ್ನು ಹೊರಗಿಡುವ, ಅಡವಿಡುವ ಹಾಗೂ ಮಾರುವ ಹಕ್ಕುಗಳು ಒಟ್ಟಿಗೇ ಬರುತ್ತವೆ. ನೆಲದಡಿಯ ಖನಿಜದ ಹಕ್ಕು ಮಾತ್ರ, ಮಂಜೂರಾತಿಯಲ್ಲಿ ಬೇರೆ ರೀತಿ ಹೇಳಿರದಿದ್ದರೆ, 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 70ನೆಯ ಪ್ರಕರಣದಂತೆ ಸರ್ಕಾರದ್ದು. ಕೊಳ್ಳುವವರು ಇವೆಲ್ಲವನ್ನೂ ವಿಚಾರಿಸುತ್ತಾರೆ, ಆದರೆ ಜಮೀನಿಗೆ ಹೋಗಿ ಬರುವ ಹಕ್ಕನ್ನು ವಿಚಾರಿಸುವುದಿಲ್ಲ, ಏಕೆಂದರೆ ಜಮೀನು ನೋಡಲು ಹೋದ ದಿನ ಅವರು ಯಾವುದೋ ಒಂದು ದಾರಿಯಲ್ಲೇ ಹೋಗಿರುತ್ತಾರೆ.

ಈ ಅಂಕಣಕಾರನೂ ಹಾಗೆಯೇ ಹೋದವನು. ತುಮಕೂರು ಜಿಲ್ಲೆಯ ಒಂದು ಗ್ರಾಮದಲ್ಲಿ ರಸ್ತೆಬದಿಯ ಖುಷ್ಕಿ ಜಮೀನು ಗುಂಟೆಗೆ 60,000 ರೂಪಾಯಿ ಇದ್ದಾಗ, ಒಳಗಿನ 20 ಗುಂಟೆಯನ್ನು 45,000ದಂತೆ ಕೊಂಡು, 3 ಲಕ್ಷ ಉಳಿಸಿದೆನೆಂದು ಆತ ಹಿಗ್ಗಿದ್ದ. ಪಹಣಿ, ಋಣಭಾರ ಪತ್ರ, ಮ್ಯುಟೇಷನ್, ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಮಾರುವಾಗ ಭೂಮಾಪಕರು ಸಿದ್ಧಪಡಿಸುವ 11ಇ ನಕ್ಷೆ, ಎಲ್ಲವೂ ಸರಿಯಾಗಿದ್ದವು. ಗ್ರಾಮ ನಕಾಶೆಯನ್ನು, ಅಂದರೆ ಬಂಡಿದಾರಿ ಕಾಲುದಾರಿಗಳನ್ನು ಗುರುತಿಸಿರುವ ಊರಿನ ಭೂಪಟವನ್ನು, ಆತ ತೆರೆದು ನೋಡಲಿಲ್ಲ. ನೋಂದಣಿಯಾದ ಎರಡನೆಯ ತಿಂಗಳಲ್ಲಿ ಪಕ್ಕದ ಜಮೀನಿನ ಯಜಮಾನರು ಬೇಲಿ ಹಾಕಿದರು.

1882ರ ಭಾರತೀಯ ಈಸ್‌ಮೆಂಟ್ ಅಧಿನಿಯಮವು ಒಬ್ಬನ ಜಮೀನಿನ ಅನುಭೋಗಕ್ಕಾಗಿ ಇನ್ನೊಬ್ಬನ ಜಮೀನಿನ ಮೇಲೆ ಇರುವ ಸೀಮಿತ ಹಕ್ಕನ್ನು ಈಸ್‌ಮೆಂಟ್ ಎನ್ನುತ್ತದೆ. ಅದರ 13ನೆಯ ಪ್ರಕರಣದಂತೆ ಬೇರೆ ದಾರಿಯೇ ಇಲ್ಲದ ಜಮೀನನ್ನು ಕೊಂಡವನು ಮಾರಿದವನ ಉಳಿದ ನೆಲದ ಮೂಲಕ ದಾರಿ ಕೇಳಬಹುದು. ಇಲ್ಲಿ ಅಡ್ಡವಿದ್ದುದು ಮಾರಿದವನ ನೆಲವಲ್ಲ, ಮೂರನೆಯವರದು. 15ನೆಯ ಪ್ರಕರಣದಂತೆ 20 ವರ್ಷ ಶಾಂತಿಯಿಂದ, ಬಹಿರಂಗವಾಗಿ, ಅಡೆತಡೆಯಿಲ್ಲದೆ, ಹಕ್ಕೆಂದೇ ಬಳಸಿದ ದಾರಿ ಖಾಯಂ ಆಗುತ್ತದೆ. ಆದರೆ ಮಾರಿದವನು ಅಷ್ಟು ಕಾಲವೂ ನೆರೆಯವರನ್ನು ಕೇಳಿಕೊಂಡೇ ಗಾಡಿ ಹೊಡೆದಿದ್ದನು. ಕೇಳಿ ಪಡೆದದ್ದು ಕೇವಲ ಅನುಮತಿ, ಅದು ಆ ವ್ಯಕ್ತಿಗಷ್ಟೇ ಸೀಮಿತವಾಗಿದ್ದು ಜಮೀನಿನ ಜೊತೆಗೆ ಕೊಂಡವನಿಗೆ ಬರುವುದಿಲ್ಲ. ಸೌಜನ್ಯವೇ ಹಕ್ಕಿಗೆ ಅಡ್ಡಬಂದ ವಿಚಿತ್ರವಿದು.

ದಾವೆಯ ಬದಲು ದಾರಿಯನ್ನೇ ಕೊಳ್ಳಬೇಕಾಯಿತು. ಟ್ರ್ಯಾಕ್ಟರ್ ಹೋಗಲು 12 ಅಡಿ ಅಗಲ, ರಸ್ತೆಯವರೆಗೆ 450 ಅಡಿ ಉದ್ದ, ಒಟ್ಟು 5,400 ಚದರ ಅಡಿ. ಗುಂಟೆಗೆ 1,089 ಚದರ ಅಡಿಯಾದ್ದರಿಂದ ಇದು ಹೆಚ್ಚುಕಡಿಮೆ 5 ಗುಂಟೆ. ಕೊಳ್ಳುವವನಿಗೆ ಬೇರೆ ಗತಿಯಿಲ್ಲವೆಂದು ಬಲ್ಲ ನೆರೆಯವರು ಗುಂಟೆಗೆ 1 ಲಕ್ಷ ಹೇಳಿದರು, ಅದಕ್ಕಿಂತ ಇಳಿಯಲಿಲ್ಲ. ಮೊದಲಿನ 9 ಲಕ್ಷಕ್ಕೆ 5 ಲಕ್ಷ ಸೇರಿ 14 ಲಕ್ಷವಾಯಿತು. ದಾರಿಯಲ್ಲಿ ಬೆಳೆಯಿಲ್ಲದ್ದರಿಂದ ಅದನ್ನು 20 ಗುಂಟೆಗೇ ಹಂಚಿದರೆ ಗುಂಟೆಗೆ 70,000 ಬೀಳುತ್ತದೆ. ರಸ್ತೆಬದಿಯಲ್ಲೇ ಕೊಂಡಿದ್ದರೆ 12 ಲಕ್ಷ ಸಾಕಿತ್ತು. ಎರಡನೆಯ ಪತ್ರದ ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕಗಳನ್ನು ಇಲ್ಲಿ ಸೇರಿಸಿಲ್ಲ.

ಬೆಂಗಳೂರಿನ ಸುತ್ತ ಈಗ ಮಾರಾಟವಾಗುತ್ತಿರುವ ‘ಫಾರ್ಮ್ ಪ್ಲಾಟ್’ಗಳು ಇದೇ ತಪ್ಪನ್ನು ಬಣ್ಣದ ಕಾಗದದಲ್ಲಿ ಮುದ್ರಿಸಿ ಮಾರುವ ಸರಕು. ಕರಪತ್ರದಲ್ಲಿ 30 ಅಡಿ ರಸ್ತೆ, ಅದರ ಎರಡೂ ಬದಿಗೆ ತೆಂಗಿನ ಸಾಲು. ಕ್ರಯಪತ್ರದ ಷೆಡ್ಯೂಲಿನಲ್ಲಿ, ಅಂದರೆ ಸ್ವತ್ತಿನ ಅಳತೆ ಮತ್ತು ಚೆಕ್ಕುಬಂದಿಯನ್ನು ಬರೆಯುವ ಭಾಗದಲ್ಲಿ, ಆ ರಸ್ತೆಯ ಸುಳಿವೂ ಇಲ್ಲದಿದ್ದರೆ ಕೊಂಡವನ ಕೈಗೆ ಬಂದದ್ದು ಚಿತ್ರ ಮಾತ್ರ. ವಾರಾಂತ್ಯದ ಊಟ, ಈಜುಕೊಳ, ಮಾವಿನ ಸಸಿಗಳ ಬಗ್ಗೆ ಹತ್ತು ಪ್ರಶ್ನೆ ಕೇಳುವ ವಿದ್ಯಾವಂತರು ರಸ್ತೆಯ ಪಹಣಿ ಯಾರ ಹೆಸರಿನಲ್ಲಿದೆ ಎಂದು ಕೇಳಲು ಸಂಕೋಚಪಡುವುದೇಕೆ? ಚಪ್ಪಲಿ ಕೊಳ್ಳುವಾಗ ಎರಡು ಸಲ ನಡೆದು ನೋಡುವವರು ಇವರೇ.

ಹಾದುಹೋಗುವ ಹಕ್ಕನ್ನು ಅಗಲ, ಉದ್ದ, ಸರ್ವೆ ನಂಬರುಗಳ ಸಮೇತ ಕ್ರಯಪತ್ರದಲ್ಲೇ ಬರೆಸಿಕೊಳ್ಳಬಹುದು; ಆ ನೆಲ ಬೇರೆಯವರದಾಗಿದ್ದರೆ ಅವರಿಂದಲೇ ಪ್ರತ್ಯೇಕ ನೋಂದಾಯಿತ ಪತ್ರ ಬೇಕಾಗುತ್ತದೆ, ಏಕೆಂದರೆ ತನ್ನದಲ್ಲದ ದಾರಿಯನ್ನು ಮಾರುವವನು ಬರೆದುಕೊಡಲಾರನು. ಅಂಕಣಕಾರನ ದಾರಿಗೂ ಈಗ ಅಂಥದೊಂದು ಪತ್ರವಿದೆ, ಪ್ರತ್ಯೇಕ ಪಹಣಿಯೂ ಇದೆ. ಆ ಪಹಣಿಯ ಬೆಳೆಯ ಕಾಲಮಿನಲ್ಲಿ ಮಾತ್ರ ಇಂದಿಗೂ ರಾಗಿ ಎಂದಿದೆ.